ಬಳ್ಳಾರಿ: ಗೆಳೆಯನನ್ನು ಅಣ್ಣನ ಮನೆಯಿಂದ ಬೇರೆ ಕಡೆ ಇರಿಸಬೇಕಾಗಿದೆ, ಎಲ್ಲಿಂದ ಶುರು ಮಾಡಲಿ?

ಬಳ್ಳಾರಿ_ಬಿಸಿಲು · ಮಾರ್ಚ್ 2, ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೊಬ್ಬ ಗೆಳೆಯ ಇದ್ದಾನೆ. ಹೈಸ್ಕೂಲಿನಿಂದ ಜೊತೆ. ಈಗ 34 ವರ್ಷ. ಆರು ವರ್ಷದ ಹಿಂದೆ ಸೆಂಟ್ರಿಂಗ್ ಕೆಲಸ ಮಾಡುವಾಗ ಎರಡನೇ ಮಹಡಿಯಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಕೈ ಗಟ್ಟಿ ಇವೆ, ತಲೆ ನನ್ನದಕ್ಕಿಂತ ಚುರುಕು.

ಅಪ್ಪ ಅಮ್ಮ ಇಲ್ಲ. ರೂಪನಗುಡಿ ರಸ್ತೆ ಕಡೆ ಅಣ್ಣನ ಜೊತೆ ಇದ್ದಾನೆ. ಮನೆ ಹಿಂದೆ ಶೀಟು ಹೊದಿಸಿದ ಒಂದು ರೂಮು, ಅದೇ ಇವನದು. ಅಣ್ಣ ಅತ್ತಿಗೆ ಇಬ್ಬರೂ ಜೀನ್ಸ್ ಹೊಲಿಯುವ ಯೂನಿಟ್‌ಗೆ ಹೋಗುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಗಿನಿಂದ ಚಿಲಕ ಹಾಕಿದರೆ ತೆಗೆಯುವುದು ಸಂಜೆ ಏಳಕ್ಕೆ. ಪಿಂಚಣಿ ಬರುವ ಖಾತೆಯ ಎಟಿಎಂ ಕಾರ್ಡ್ ಅಣ್ಣನ ಜೇಬಿನಲ್ಲಿ.

ಮೊನ್ನೆ ಭಾನುವಾರ ಹೋಗಿದ್ದೆ. ಮಂಚದ ಪಕ್ಕ ಅರ್ಧ ಲೀಟರಿನ ನೀರಿನ ಬಾಟಲಿ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಎರಡು ಗೆರೆ. ಏನಿದು ಅಂದೆ, ಅವನು ಮಾತು ತಿರುಗಿಸಿದ. ಆಮೇಲೆ ಹೊಳೆಯಿತು. ಮಧ್ಯಾಹ್ನದ ತನಕ ಇಷ್ಟು, ಸಂಜೆ ತನಕ ಇಷ್ಟು. ಜಾಸ್ತಿ ಕುಡಿದರೆ ನಳಿಕೆಗೆ ಕಟ್ಟಿದ ಮೂತ್ರದ ಚೀಲ ತುಂಬುತ್ತದೆ, ಖಾಲಿ ಮಾಡಲು ಯಾರೂ ಇರುವುದಿಲ್ಲ, ಅದಕ್ಕೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದೆ ಏಪ್ರಿಲ್, ಮೇ. ಬಳ್ಳಾರಿ ಬಿಸಿಲು ನಿಮಗೆ ಗೊತ್ತು, ಶೀಟಿನ ಕೆಳಗೆ ಇನ್ನೂ ಗೊತ್ತು. ಬೆಂಗಳೂರಿನಲ್ಲಿ ಒಂದು ಆಶ್ರಮ ಇದೆ, ಸೇರಿಸಿಕೊಳ್ಳುತ್ತಾರೆ ಅಂತ ಒಬ್ಬರು ಹೇಳಿದರು. ಕಳಿಸೋಣ ಅಂತಿದ್ದೇನೆ. ನನಗೆ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ, ನಮ್ಮದೇ ಮನೆ ಎರಡನೇ ಮಹಡಿ. ಇಲ್ಲದಿದ್ದರೆ ನಾನೇ ಇಟ್ಟುಕೊಳ್ಳುತ್ತಿದ್ದೆ.

ಮಿರ್ಚಿ_ಒಗ್ಗರಣೆ · ಮಾರ್ಚ್ 2, ರಾತ್ರಿ 11:32

ಹೊರಗಿನಿಂದ ಚಿಲಕ ಅಂದರೆ? ಕರೆಂಟ್ ಶಾರ್ಟ್ ಆಗಿ ಬೆಂಕಿ ಹತ್ತಿದರೆ ಗತಿ ಏನು? ನಾಳೆ ಹೋಗಿ ಮೊದಲು ಆ ಚಿಲಕ ಕಿತ್ತು ಬಾ.

ಹಿರಿಯರ_ಮಾತು · ಮಾರ್ಚ್ 3, ಬೆಳಿಗ್ಗೆ 6:05

ತಮ್ಮಾ, ಕಿತ್ತು ಬರುವುದು ಸುಲಭ. ಆರು ವರ್ಷ ಹೇಲು ಉಚ್ಚೆ ಬಳಿದವರು ಯಾರು? ಒಡಹುಟ್ಟಿದವರ ನಡುವೆ ಹೊರಗಿನವರು ಕೈ ಹಾಕಿದರೆ ಕೊನೆಗೆ ಆ ಹುಡುಗನಿಗೆ ಅಣ್ಣನೂ ಇಲ್ಲ, ಗೆಳೆಯನೂ ಇಲ್ಲ ಅಂತಾಗುತ್ತದೆ. ಎರಡು ಸಲ ಯೋಚನೆ ಮಾಡು.

ಹಳೇ_ಕೋರ್ಟು_ರಾಯಚೂರು · ಮಾರ್ಚ್ 3, ಬೆಳಿಗ್ಗೆ 9:40

ವಕೀಲಿ ಮಾಡಿದವನು, ಹಾಗಾಗಿ ಕಾನೂನಿನ ಮಾತು ಮಾತ್ರ ಹೇಳುತ್ತೇನೆ.

ನಿಮ್ಮ ಗೆಳೆಯ 34 ವರ್ಷದವರು, ಬುದ್ಧಿ ನೆಟ್ಟಗಿದೆ. ಮನೆ ಬಿಡಲು ಅಣ್ಣನ ಸಹಿ ಬೇಡ, ಯಾರ ಸಹಿಯೂ ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಇಂಥಲ್ಲೇ ಇರು ಅಂತ ಅವರನ್ನು ಯಾರೂ ಒತ್ತಾಯ ಮಾಡುವಂತಿಲ್ಲ. ನೆನಪಿರಲಿ, ಇದು ಆಶ್ರಮಕ್ಕೂ ಅನ್ವಯ, ನಿಮಗೂ ಅನ್ವಯ.

ಹಿಂಸೆ ನಡೆಯುತ್ತಿದ್ದರೆ 7ನೇ ಸೆಕ್ಷನ್ ಇದೆ. ದೂರನ್ನು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಡಬಹುದು. ನಮ್ಮ ಕಡೆ ಅಂದರೆ ತಹಶೀಲ್ದಾರರು. ಅವರು ಬಿಡಿಸಿ ತರಲು, ರಕ್ಷಣೆ ಕೊಡಲು, ಜೀವನಾಂಶ ಕೊಡಿಸಲು ಆದೇಶ ಮಾಡಬಹುದು. ಆದರೆ ರಕ್ಷಣೆಯಲ್ಲಿ ಇರಿಸುವುದು ಆ ವ್ಯಕ್ತಿ ಒಪ್ಪಿದರೆ ಮಾತ್ರ. ನೋಡಿಕೊಳ್ಳುವ ಹೊಣೆ ಇದ್ದವರು ಬೇಕಂತಲೇ ಅನ್ನ ನೀರು ಕೊಡದಿದ್ದರೆ 92ನೇ ಸೆಕ್ಷನ್, ಆರು ತಿಂಗಳಿಂದ ಐದು ವರ್ಷದ ತನಕ ಶಿಕ್ಷೆ. ನೀವು ಹೇಳಿದ ಬಾಟಲಿ ಅಲ್ಲಿಗೆ ಬರುತ್ತದೋ ಇಲ್ಲವೋ, ಅವರನ್ನೇ ಕೇಳದೆ ಹೇಳಲಾಗದು.

ಇನ್ನೊಂದು. ಆ ಮನೆ ಅಣ್ಣ ಕಟ್ಟಿದ್ದೋ, ಅಪ್ಪನದೋ? ಅಪ್ಪನದಾದರೆ ಇವರಿಗೂ ಪಾಲು ಇರಬಹುದು. ಹೊರಗೆ ಹೋದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ಹೋಗುವ ಗಡಿಬಿಡಿಯಲ್ಲಿ "ಇಲ್ಲೊಂದು ಸಹಿ ಹಾಕಿಬಿಡು" ಅಂದರೆ ಹಾಕಬೇಡಿ. ಹಕ್ಕು ಬಿಡುಗಡೆ ಪತ್ರಗಳು ಬಹಳ ಸಲ ಹೀಗೇ ಹುಟ್ಟುವುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಕಲಚೇತನರಿಗೆ ವಕೀಲರು ಪುಕ್ಕಟೆ, ಆದಾಯ ಎಷ್ಟಿದ್ದರೂ ಸರಿ. ಫೋನ್ 15100.

ಕೋಟೆ_ಕೆಳಗಿನವಳು · ಮಾರ್ಚ್ 3, ಮಧ್ಯಾಹ್ನ 2:15

ಬಿಸಿಲು ಅಣ್ಣಾ, ಒಂದು ಪ್ರಶ್ನೆ. ಬೆಂಗಳೂರಿಗೆ ಕಳಿಸೋಣ ಅಂತಿದ್ದೀರಲ್ಲ, ಅವರು ಏನಂದರು? ಇಷ್ಟುದ್ದ ಬರೆದಿದ್ದೀರಿ, ಅವರ ಒಂದು ಮಾತೂ ಅದರಲ್ಲಿ ಇಲ್ಲ.

ನನಗೆ ಪೋಲಿಯೊ. ಎರಡೂ ಕಾಲಿಗೆ ಕ್ಯಾಲಿಪರ್, ಅಂದರೆ ನಡೆಯಲು ಆಸರೆಯ ಪಟ್ಟಿ. ಬಳ್ಳಾರಿಯಲ್ಲೇ ಹನ್ನೊಂದು ವರ್ಷದಿಂದ ಒಬ್ಬಳೇ ಬಾಡಿಗೆ ಮನೆಯಲ್ಲಿದ್ದೇನೆ. ನನ್ನನ್ನೂ ಹೀಗೇ "ಎಲ್ಲಿ ಇಡೋಣ" ಅಂತ ಕೂಡಿ ಮಾತಾಡಿದ್ದರು, ನಾನು ಪಕ್ಕದ ಕೋಣೆಯಲ್ಲಿ ಕೂತಿದ್ದಾಗಲೇ. ಅದಕ್ಕೆ ಕೇಳಿದೆ.

ಬಳ್ಳಾರಿ_ಬಿಸಿಲು · ಮಾರ್ಚ್ 3, ರಾತ್ರಿ 10:50

ಅಕ್ಕಾ, ಕೇಳಿಲ್ಲ. ಮೊದಲು ಜಾಗ ಗಟ್ಟಿ ಮಾಡಿಕೊಂಡು ಆಮೇಲೆ ಹೇಳೋಣ ಅಂತಿದ್ದೆ. ಸುಮ್ನೆ ಆಸೆ ಹುಟ್ಟಿಸುವುದು ಬೇಡ ಅಂತ. ಇದರ ಲಿಂಕ್ ಅವನಿಗೆ ಕಳಿಸುತ್ತೇನೆ.

ಸಿಂಧನೂರು_ಸಿಸ್ಟರ್ · ಮಾರ್ಚ್ 4, ರಾತ್ರಿ 1:20

ನೈಟ್ ಡ್ಯೂಟಿಯಲ್ಲಿದ್ದೇನೆ. ಮನೆ ಹುಡುಕುವ ಮೊದಲು ಮೈ ನೋಡಿ. ಹಿಂಭಾಗ, ಸೊಂಟದ ಎರಡು ಪಕ್ಕ, ಹಿಮ್ಮಡಿ. ಒತ್ತುಹುಣ್ಣು ಇದೆಯಾ? ಅವರಿಗೆ ನೋವು ತಿಳಿಯುವುದಿಲ್ಲ, ಹಾಗಾಗಿ ಕಣ್ಣಿನಿಂದಲೇ ನೋಡಬೇಕು. ಮೇಲೆ ರೂಪಾಯಿ ಅಗಲ ಕಂಡರೂ ಒಳಗೆ ಆಳ ಇರಬಹುದು. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕುರ್ಚಿಯಲ್ಲಿ ಕೂತಾಗ ಕಾಲು ಗಂಟೆಗೊಮ್ಮೆ ಕೈ ಊರಿ ಮೈ ಎತ್ತಬೇಕು. ಕೈ ಗಟ್ಟಿ ಇದ್ದರೆ ಇದು ಅವರೇ ಮಾಡಿಕೊಳ್ಳುವ ಕೆಲಸ.

ನೀರಿನದು ಬಹಳ ತಪ್ಪು. ನೀರು ಕಡಿಮೆಯಾದರೆ ಸೋಂಕು, ಕಲ್ಲು, ಕೊನೆಗೆ ಕಿಡ್ನಿ. ಅದರ ಮೇಲೆ ಬಿಸಿಲು. ಬೆನ್ನುಹುರಿ ಪೆಟ್ಟಾದವರಿಗೆ ಪೆಟ್ಟಿನ ಜಾಗದಿಂದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ. ನಾವು ಬೆವರಿ ತಣ್ಣಗಾಗುತ್ತೇವೆ, ಅವರ ಮೈ ಕಾದು ಕೂತಿರುತ್ತದೆ. ಶೀಟಿನ ರೂಮು ನಮಗೆ ಸೆಕೆ, ಅವರಿಗೆ ಅಪಾಯ.

ಯಾವಾಗಲೂ ಚೀಲ ಹಾಕಿಕೊಂಡೇ ಇರುತ್ತಾರಾ? ಕೈ ಚೆನ್ನಾಗಿದ್ದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ನಳಿಕೆ ಹಾಕಿ ಮೂತ್ರ ತೆಗೆಯುವ ವಿಧಾನ ಇದೆ. ಯೂರಾಲಜಿ ಡಾಕ್ಟರಿಗೆ ತೋರಿಸಿ ಕೇಳಿ. ಅದು ಬಂದರೆ "ಚೀಲ ಯಾರು ಖಾಲಿ ಮಾಡಬೇಕು" ಅನ್ನುವ ಪ್ರಶ್ನೆಯೇ ಇರುವುದಿಲ್ಲ.

ಕತ್ತರಿ_ಕೈ · ಮಾರ್ಚ್ 5, ಮಧ್ಯಾಹ್ನ 12:30

ನಾನೇ ಆ ಗೆಳೆಯ. ಲಿಂಕ್ ಬಂತು. ಕಳಿಸಲೋ ಬೇಡವೋ ಅಂತ ಒಂದು ದಿನ ಪೂರ್ತಿ ಯೋಚನೆ ಮಾಡಿದನಂತೆ. ಆ ಯೋಚನೆ ಬರೆಯುವ ಮುಂಚೆ ಮಾಡಿದ್ದರೆ ಚೆನ್ನಾಗಿತ್ತು. ಇರಲಿ, ಅವನು ಶಾಲೆಯಲ್ಲೂ ಹಾಗೇ.

ಮೊದಲು ಬಾಟಲಿ. ಆ ಗೆರೆ ಎಳೆದವನು ಅಣ್ಣ ಅಲ್ಲ. ಅತ್ತಿಗೆನೂ ಅಲ್ಲ. ನಾನೇ.

ಹೋದ ವರ್ಷ ಮೇ ತಿಂಗಳಲ್ಲಿ ಒಂದು ದಿನ ಮಧ್ಯಾಹ್ನ ಚೀಲ ತುಂಬಿ ಸೋರಿತು. ಸಂಜೆ ಏಳರ ತನಕ ಒದ್ದೆಯಲ್ಲೇ ಇದ್ದೆ. ಅತ್ತಿಗೆ ದುಡಿದು ಬಂದವಳು ಒಂದು ಮಾತೂ ಆಡದೆ ಎಲ್ಲ ತೊಳೆದಳು. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಮರುದಿನ ಅಣ್ಣನ ಮಗಳ ಸ್ಕೆಚ್ ಪೆನ್ ಇಸಿದುಕೊಂಡು ಗೆರೆ ಎಳೆದೆ.

ಚಿಲಕ: ಮೊದಲು ನಾಯಿ ಒಳಗೆ ಬರುತ್ತವೆ ಅಂತ ಶುರುವಾಯಿತು. ಈಗ ರೂಢಿ. ಎಟಿಎಂ: ಅದು ನಿಜ, ಅದರ ಬಗ್ಗೆ ನನಗೆ ಸಿಟ್ಟಿದೆ. ತಿಂಗಳಿಗೆ 1,400 ಪಿಂಚಣಿ, ನಾನು ಕೇಳಿದರೆ 50 ಕೊಡುತ್ತಾನೆ. ಸಿಸ್ಟರ್ ಕೇಳಿದ ಹುಣ್ಣು ಇದೆ, ಹಿಂದೆ, ರೂಪಾಯಿ ಅಗಲ. ಬಿಸಿಲಿಗೆ ಹೇಳಿರಲಿಲ್ಲ.

ಬೆಂಗಳೂರಿಗೆ ನಾನು ಹೋಗುವುದಿಲ್ಲ. ಇಲ್ಲಿ ನಾನು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತೇನೆ. ಅಣ್ಣ ಯೂನಿಟ್‌ನಿಂದ ಮೂಟೆ ತರುತ್ತಾನೆ, ಪೀಸಿನ ಲೆಕ್ಕ. ದಿನಕ್ಕೆ 130, 150 ಆಗುತ್ತದೆ. ಆಶ್ರಮದಲ್ಲಿ ಮೂರು ಹೊತ್ತು ಊಟ ಕೊಟ್ಟಾರು, ಮೂಟೆ ಕೊಡುತ್ತಾರಾ? ಸಂಜೆ ಮಿರ್ಚಿ ತಂದುಕೊಡುವವರು ಯಾರು?

ನನಗೆ ಬೇಕಾಗಿರುವುದು ಒಳಗಿನಿಂದ ಹಾಕಿಕೊಳ್ಳುವ ಚಿಲಕ. ನನ್ನ ಕೈಗೆ ಸಿಗುವ ಎತ್ತರದಲ್ಲಿ. ಬಳ್ಳಾರಿಯಲ್ಲಿ.

ಮಿರ್ಚಿ_ಒಗ್ಗರಣೆ · ಮಾರ್ಚ್ 5, ಮಧ್ಯಾಹ್ನ 12:41

ಮಿರ್ಚಿ ಜವಾಬ್ದಾರಿ ನನ್ನದು. ಹೆಸರೇ ಇಟ್ಟುಕೊಂಡಿದ್ದೇನೆ. ಮೊದಲ ದಿನ ದುಡುಕಿ ಬರೆದೆ, ಮನಸ್ಸಿಗೆ ಹಚ್ಚಿಕೋಬೇಡ.

ತುಂಗಭದ್ರೆ_ದಂಡೆ · ಮಾರ್ಚ್ 5, ರಾತ್ರಿ 9:00

ಬರೆಯಲೋ ಬೇಡವೋ ಅಂತಿದ್ದೆ. ನಾನು ಆ ಅಣ್ಣನ ಜಾಗದಲ್ಲಿ ಇದ್ದವನು. ಗಂಗಾವತಿ ಕಡೆಯವನು. ತಂಗಿಗೆ ಇದೇ ತರದ ತೊಂದರೆ, ಒಂಬತ್ತು ವರ್ಷ ನೋಡಿಕೊಂಡೆ. ನಾನೂ ಚಿಲಕ ಹಾಕಿದ್ದೇನೆ. ಬೈಯಿರಿ ಬೇಕಾದರೆ. ಗದ್ದೆಗೆ ಹೋಗದಿದ್ದರೆ ಊಟ ಇಲ್ಲ, ಹೋದರೆ ಇವಳು ಒಬ್ಬಳೇ.

ಅಣ್ಣನ ಹತ್ತಿರ ಮಾತಾಡುವಾಗ "ನೀನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ" ಅಂತ ಶುರು ಮಾಡಬೇಡಿ. ಅದು ಅವನಿಗೆ ಗೊತ್ತಿರುತ್ತದೆ, ಅದಕ್ಕೇ ಮೈಮೇಲೆ ಬರುತ್ತಾನೆ. ನನಗೆ ನಮ್ಮ ಮಾವ ಬಂದು ಹೇಳಿದ್ದು ಇಷ್ಟೇ: "ಇನ್ನು ಮೇಲೆ ಭಾನುವಾರ ನಾನು ನೋಡ್ಕೋತೀನಪ, ನೀ ಹೋಗಿ ಮಕ್ಕೋ." ಅಳು ಬಂದುಬಿಟ್ಟಿತು.

ಮತ್ತೆ ಎಟಿಎಂ ದುಡ್ಡಿನ ಲೆಕ್ಕ ಮೊದಲ ದಿನವೇ ಕೇಳಬೇಡಿ. ಕಾರ್ಡು ವಾಪಸ್ ಕೇಳಿ, ಹಳೆಯದು ಬಿಡಿ.

ಹಳೇ_ಕೋರ್ಟು_ರಾಯಚೂರು · ಮಾರ್ಚ್ 5, ರಾತ್ರಿ 9:45

ಗೆರೆ ಎಳೆದದ್ದು ತಾವೇ ಅಂದಮೇಲೆ 92ರ ಮಾತು ನಾನು ವಾಪಸ್ ತೆಗೆದುಕೊಳ್ಳುತ್ತೇನೆ. 7ನೇ ಸೆಕ್ಷನ್ ಕೈಯಲ್ಲಿರಲಿ, ಹೋಗಲು ಅಡ್ಡ ಬಂದರೆ ಮಾತ್ರ. ಬಿದ್ದಾಗ ಕಟ್ಟಡ ಕಾರ್ಮಿಕರ ಮಂಡಳಿ ಕಾರ್ಡು ಇತ್ತಾ? ಪರಿಹಾರ ಏನಾದರೂ ಸಿಕ್ಕಿತ್ತಾ?

ಕತ್ತರಿ_ಕೈ · ಮಾರ್ಚ್ 5, ರಾತ್ರಿ 9:52

ಕಾರ್ಡು ಮಾಡಿಸಿರಲಿಲ್ಲ ಸರ್. ಮೇಸ್ತ್ರಿ 20 ಸಾವಿರ ಕೊಟ್ಟು ಕೈ ಮುಗಿದ.

ಹಳೇ_ಕೋರ್ಟು_ರಾಯಚೂರು · ಮಾರ್ಚ್ 5, ರಾತ್ರಿ 10:10

ಪರಿಹಾರದ ಅರ್ಜಿಗೆ ಎರಡು ವರ್ಷದ ಗಡುವು. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಮನ್ನಿಸಬಹುದು, ಆದರೆ ಆರು ವರ್ಷ ಅಂದರೆ ಕಷ್ಟ. ಆದರೂ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದಾಗ ಇದನ್ನೂ ಒಂದು ಮಾತು ಕೇಳಿ. ಆಸ್ಪತ್ರೆ ಕಾಗದ ಬಿಸಾಡಬೇಡಿ.

ಎಂಆರ್‌ಡಬ್ಲ್ಯೂ_ಕೊಪ್ಪಳ · ಮಾರ್ಚ್ 6, ಬೆಳಿಗ್ಗೆ 10:30

ನಾನು ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ನಾನೂ ವಿಕಲಚೇತನನೇ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯೂ ಇರುತ್ತಾರೆ. ನಗರದಲ್ಲಿ ನಗರ ಪುನರ್ವಸತಿ ಕಾರ್ಯಕರ್ತ, ಅಂದರೆ ಯುಆರ್‌ಡಬ್ಲ್ಯೂ. ಬಳ್ಳಾರಿ ಪಾಲಿಕೆಯಲ್ಲಿ ಅವರನ್ನು ಹುಡುಕಿ. ನಮ್ಮ ಗೌರವಧನ ಕಡಿಮೆ, ಓಡಾಟ ಜಾಸ್ತಿ, ಫೋನ್ ಎತ್ತದಿದ್ದರೆ ಮತ್ತೊಮ್ಮೆ ಮಾಡಿ.

ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇದ್ದೇ ಇರುತ್ತದೆ, ಅವಧಿ ಮುಗಿದಿದೆಯಾ ನೋಡಿ. ಬ್ಯಾಂಕಿಗೆ ಹೇಳಿ ಹಳೆ ಎಟಿಎಂ ಬಂದ್ ಮಾಡಿಸಿ, ಹೊಸ ಕಾರ್ಡ್ ತನ್ನ ಕೈಗೇ ಬರಲಿ. ಶಾಖೆಗೆ ಹೋಗಲು ಆಗದಿದ್ದರೆ ಮನೆಗೇ ಬಂದು ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಮ್ಯಾನೇಜರಿಗೆ ಬರವಣಿಗೆಯಲ್ಲಿ ಕೇಳಿ, ಬಾಯಿ ಮಾತಿಗೆ "ನಾಳೆ ಬಾ" ಅನ್ನುತ್ತಾರೆ. ಬಾಡಿಗೆ ಕರಾರು ಆದಮೇಲೆ ಆಧಾರ್ ವಿಳಾಸ ಬದಲಿಸಿ, ನಾಡಕಚೇರಿಗೂ ತಿಳಿಸಿ. ವಿಳಾಸದಲ್ಲಿ ಇಲ್ಲ ಅಂತ ಪಿಂಚಣಿ ನಿಂತು ಆಮೇಲೆ ಅಲೆದವರನ್ನು ಬೇಕಾದಷ್ಟು ನೋಡಿದ್ದೇನೆ.

ಪಾಲಿಕೆಯಲ್ಲಿ ವಿಕಲಚೇತನರಿಗೆ ಅಂತ ಶೇ 5 ಹಣ ಮೀಸಲು. ಗಾಳಿ ಹಾಸಿಗೆಗೋ ಸಾಧನಕ್ಕೋ ಅರ್ಜಿ ಹಾಕಿ. ಹಾಕಿ ಸುಮ್ಮನೆ ಕೂಡಬೇಡಿ. ಹುಣ್ಣು ಇದೆ ಅಂದರೆ ಹಾಸಿಗೆ ಈಗಲೇ ನೀವೇ ತಂದುಬಿಡಿ.

ಕೋಟೆ_ಕೆಳಗಿನವಳು · ಮಾರ್ಚ್ 6, ಸಂಜೆ 5:20

ಈಗ ಮನೆ ವಿಷಯ. ಕೈಯಲ್ಲಿ ಟೇಪು ಹಿಡಿದುಕೊಂಡೇ ಹೋಗಿ. ಓನರ್ ತೋರಿಸುವುದು ಪಡಸಾಲೆ, ನೀವು ನೋಡಬೇಕಾದ್ದು ಬಚ್ಚಲು. ಹಳೇ ಮನೆಗಳ ಬಚ್ಚಲ ಬಾಗಿಲು ಎರಡೇ ಅಡಿ. ವೀಲ್‌ಚೇರ್ ಎರಡು ಅಡಿಗಿಂತ ಜಾಸ್ತಿ ಅಗಲ. ಕನಿಷ್ಠ 32 ಇಂಚು ಬಾಗಿಲು ಬೇಕು, ಒಳಗೆ ತಿರುಗಿಸಲು ಐದಡಿ. ಬಾಗಿಲು ಒಳಗೆ ತೆರೆಯುವಂತಿದ್ದರೆ ಬಿಚ್ಚಿಸಿ ಹೊರಗೆ ತೆರೆಯುವ ಹಾಗೆ ಹಾಕಿಸಿ. ಒಳಗೆ ಬಿದ್ದರೆ ಬಾಗಿಲಿಗೆ ಅಡ್ಡ ಬೀಳುತ್ತೇವೆ, ಹೊರಗಿನವರು ದೂಡಲೂ ಆಗುವುದಿಲ್ಲ. ಇದು ನನ್ನ ಸ್ವಂತ ಅನುಭವ, ಜಾಸ್ತಿ ಕೇಳಬೇಡಿ.

ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು. ಆರಿಂಚಿನ ಒಂದು ಮೆಟ್ಟಿಲಿಗೆ ಆರಡಿ ಉದ್ದ. ನಮ್ಮ ಊರಿನ ಮನೆಗಳಿಗೆ ಕಟ್ಟೆ, ಮೂರು ಮೆಟ್ಟಿಲು. ಅಂದರೆ ಹದಿನೆಂಟು ಅಡಿ, ರಸ್ತೆ ದಾಟಿ ಎದುರು ಮನೆ ಬಾಗಿಲಿಗೆ ಹೋಗುತ್ತದೆ. ಅದಕ್ಕೆ ಒಂದೇ ಮೆಟ್ಟಿಲಿನ ಮನೆ ಹುಡುಕಿ. ಕಡಪ ಕಲ್ಲಿನ ನೆಲ ಬೇಸಿಗೆಗೆ ತಂಪು, ಆದರೆ ಒದ್ದೆಯಾದರೆ ಜಾರುತ್ತದೆ, ಬಚ್ಚಲಲ್ಲಿ ಬೇಡ. ಮಂಚ ವೀಲ್‌ಚೇರ್ ಸೀಟಿನಷ್ಟೇ ಎತ್ತರ ಇರಲಿ, ಜರುಗಿ ಕೂರಲು. ಎತ್ತರ ಇದ್ದರೆ ಕಾಲು ಕೊಯ್ಯಿಸಿ. ಮಂಚದ್ದು.

ಆಮೇಲೆ ಓನರ್‌ಗಳು. ಮೊದಲ ಹತ್ತು ಜನ ಇಲ್ಲ ಅನ್ನುತ್ತಾರೆ. ಎಣಿಸಿಕೊಳ್ಳಿ, ಬೇಜಾರು ಕಡಿಮೆಯಾಗುತ್ತದೆ.

ಬಳ್ಳಾರಿ_ಬಿಸಿಲು · ಮಾರ್ಚ್ 17, ರಾತ್ರಿ 11:40

ಅಕ್ಕಾ, ಎಣಿಸಿದೆ. ಏಳು. ಒಬ್ಬರು "ಚಕ್ರಕ್ಕೆ ಟೈಲ್ಸ್ ಗೀಚುತ್ತೆ" ಅಂದರು. ಒಬ್ಬರು ವಾಸ್ತು. ಒಬ್ಬರು ಪಾಪ ಬಾಯಿಬಿಟ್ಟೇ ಹೇಳಿದರು, "ಅವರಿಗೇನಾದರೂ ಆದರೆ ನಮ್ಮ ಮನೆ ಮೇಲೆ ಬರುತ್ತಲ್ಲಪ್ಪ." ಅವರ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ.

ಹುಣ್ಣಿಗೆ ದಿನಾ ಡ್ರೆಸ್ಸಿಂಗ್ ಆಗುತ್ತಿದೆ. ಗಾಳಿ ಹಾಸಿಗೆ ತಂದೆವು. ಯೂರಾಲಜಿಗೂ ಹೋಗಿ ಬಂದೆವು. ನಳಿಕೆ ಹಾಕಿಕೊಳ್ಳುವುದನ್ನು ಅಲ್ಲೇ ನರ್ಸ್ ಕಲಿಸಿದರು. ಆದರೆ ಇವನಿಗೆ ಧೈರ್ಯ ಬಂದದ್ದು ಹೊಸಪೇಟೆಯ ಇನ್ನೊಬ್ಬರು ವಿಡಿಯೊ ಕಾಲ್‌ನಲ್ಲಿ ಮಾತಾಡಿದ ಮೇಲೆ. ಅವರಿಗೂ ಬೆನ್ನುಹುರಿ ಪೆಟ್ಟು, ಹದಿನಾಲ್ಕು ವರ್ಷ. ನನ್ನನ್ನು ಹೊರಗೆ ಕಳಿಸಿ ಒಂದು ಗಂಟೆ ಮಾತಾಡಿದರು. ಒಳಗಿನಿಂದ ನಗು ಕೇಳಿಸುತ್ತಿತ್ತು.

ಅಣ್ಣನಿಗೆ ಇನ್ನೂ ಹೇಳಿಲ್ಲ.

ಕತ್ತರಿ_ಕೈ · ಮಾರ್ಚ್ 22, ಬೆಳಿಗ್ಗೆ 8:15

ಹೇಳಿದೆ. ನಾನೇ, ರಾತ್ರಿ ಊಟ ಆದಮೇಲೆ. ಬಿಸಿಲು ಬರುತ್ತೇನೆ ಅಂದಿದ್ದ, ಬೇಡ ಅಂದೆ.

"ಬ್ಯಾರೆ ಮನಿ ಮಾಡ್ತೀನಣ್ಣ" ಅಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಓಣ್ಯಾಗ ಮಂದಿ ಏನಂತಾರ?" ಅಂದ. ಅತ್ತಿಗೆ ಒಳಗಿನಿಂದ, "ಮಂದಿ ಬಂದು ಚೀಲ ತೊಳಿತಾರೇನು?" ಅಂದಳು. ಅಷ್ಟೇ ಮಾತು.

ಕಾರ್ಡು ಕೇಳಿದೆ. ಕೊಟ್ಟ. ಖಾತೆಯಲ್ಲಿ 212 ರೂಪಾಯಿ ಇತ್ತು.

ಹಿರಿಯರ_ಮಾತು · ಮಾರ್ಚ್ 22, ಬೆಳಿಗ್ಗೆ 9:30

ಅತ್ತಿಗೆ ಮಾತು ಓದಿ ನಾನು ಸುಮ್ಮನಾದೆ. ಸತ್ಯನಾರಾಯಣಪೇಟೆ ಹತ್ತಿರ ನನ್ನ ಜೊತೆ ಕೆಲಸ ಮಾಡಿದ ರಿಟೈರ್ಡ್ ಮೇಡಂ ಒಬ್ಬರಿದ್ದಾರೆ. ಕೆಳಗೆ ಹಿಂಭಾಗದಲ್ಲಿ ಎರಡು ಕೋಣೆ ಖಾಲಿ ಇದೆ, ಆರ್‌ಸಿಸಿ ಮನೆ. ಮೆಟ್ಟಿಲು ಒಂದೇ, ನಾನೇ ಹೋಗಿ ನೋಡಿ ಬಂದೆ. ಬಚ್ಚಲ ಬಾಗಿಲು ಅಳೆದಿಲ್ಲ, ನನ್ನ ಹತ್ತಿರ ಟೇಪು ಇರಲಿಲ್ಲ.

ಕೋಟೆ_ಕೆಳಗಿನವಳು · ಮಾರ್ಚ್ 22, ಬೆಳಿಗ್ಗೆ 9:34

ನಾನು ತರುತ್ತೇನೆ ಸರ್. ಇವತ್ತೇ ಹೋಗೋಣ.

ಬಳ್ಳಾರಿ_ಬಿಸಿಲು · ಏಪ್ರಿಲ್ 7, ರಾತ್ರಿ 10:05

ನಿನ್ನೆ ಶಿಫ್ಟ್ ಮಾಡಿದೆವು. ಲೆಕ್ಕ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಬಾಡಿಗೆ 4,500, ಅಡ್ವಾನ್ಸ್ 20,000. ಬಚ್ಚಲ ಬಾಗಿಲು 26 ಇಂಚು ಇತ್ತು, ಒಡೆಸಿ 34 ಮಾಡಿಸಿದೆವು. ಕಮೋಡ್, ಗೋಡೆಗೆ ಹಿಡಿಕೆ, ಮುಂದೆ ಸಿಮೆಂಟ್ ಇಳಿಜಾರು, ಎಲ್ಲ ಸೇರಿ 23 ಸಾವಿರ. ಅಡ್ವಾನ್ಸ್ ಮತ್ತು ಈ ಖರ್ಚು ಹೈಸ್ಕೂಲ್ ಬ್ಯಾಚಿನವರು ಹಾಕಿದರು. ಬೆಳಿಗ್ಗೆ ಎರಡು ಗಂಟೆ ಒಬ್ಬರು ಬರುತ್ತಾರೆ. ಮೊದಲು ಆಸ್ಪತ್ರೆಯಲ್ಲಿ ವಾರ್ಡ್ ಬಾಯ್ ಆಗಿದ್ದವರು. ಸ್ನಾನ, ಹುಣ್ಣಿನ ಡ್ರೆಸ್ಸಿಂಗ್, ಬಟ್ಟೆ. ಅವರಿಗೆ 5,000. ಮಧ್ಯಾಹ್ನದ ಊಟ ಮೇಡಂ ಮನೆಯಿಂದ, ದುಡ್ಡು ಕೊಡುತ್ತೇವೆ ಅಂತ ಇವನೇ ಹಟ ಹಿಡಿದು 1,500ಕ್ಕೆ ಒಪ್ಪಿಸಿದ. ರಾತ್ರಿಗೆ ವೈರ್ ಇಲ್ಲದ ಕಾಲಿಂಗ್ ಬೆಲ್. ಬಟನ್ ಇವನ ದಿಂಬಿನ ಹತ್ತಿರ, ಗಂಟೆ ಮೇಡಂ ರೂಮಿನಲ್ಲಿ.

ತಿಂಗಳಿಗೆ 11 ಸಾವಿರ ಆಯಿತು, ಕರೆಂಟು ಔಷಧಿ ಬಿಟ್ಟು. ಪಿಂಚಣಿ 1,400, ದಾರದ ಕೆಲಸದಿಂದ ಸುಮಾರು ಮೂರೂವರೆ ಸಾವಿರ. ಉಳಿದದ್ದಕ್ಕೆ ನಾವು ಏಳು ಜನ ತಲಾ ಒಂದು ಸಾವಿರ. ಎಷ್ಟು ದಿನ ನಡೆಯುತ್ತದೆ ಅಂತ ಕೇಳಬೇಡಿ. ಒಂದು ವರ್ಷಕ್ಕೆ ಮಾತು ಕೊಟ್ಟಿದ್ದೇವೆ. ಅಷ್ಟರಲ್ಲಿ ಅವನು ಫೋನಿನಲ್ಲಿ ಕಂಪ್ಯೂಟರ್ ಅಕೌಂಟ್ಸ್ ಕಲಿಯುತ್ತೇನೆ ಅಂತಿದ್ದಾನೆ, ನೋಡೋಣ.

ಅಣ್ಣ ಬೆಳಿಗ್ಗೆ ರಜೆ ಹಾಕಿ ಬಂದಿದ್ದ. ನನ್ನ ಹತ್ತಿರ ಮಾತಾಡಲಿಲ್ಲ. ಮಂಚದ ಕಾಲು ಅಳತೆ ನೋಡಿ, ಜಾಸ್ತಿ ಇದೆ ಅಂತ ತಾನೇ ಗರಗಸ ತಂದು ಕೊಯ್ದ. ಸಂಜೆ ಪ್ಯಾಂಟಿನ ಮೂಟೆ ಇಳಿಸಿ ಹೋದ. ಮೂಟೆ ಇನ್ನು ಮೇಲೂ ಅವನೇ ತರುತ್ತಾನಂತೆ.

ಸಿಂಧನೂರು_ಸಿಸ್ಟರ್ · ಏಪ್ರಿಲ್ 8, ರಾತ್ರಿ 2:10

ನೀರು ಎಷ್ಟು ಕುಡಿಯುತ್ತಿದ್ದಾರೆ?

ಕತ್ತರಿ_ಕೈ · ಏಪ್ರಿಲ್ 8, ಬೆಳಿಗ್ಗೆ 7:00

ಎರಡು ಲೀಟರ್ ಸಿಸ್ಟರ್. ಬಾಟಲಿ ದೊಡ್ಡದು ತಂದಿದ್ದೇನೆ. ಗೆರೆ ಈಗಲೂ ಇದೆ, ಇದಕ್ಕಿಂತ ಕಡಿಮೆ ಕುಡಿದರೆ ನಿಮಗೆ ಫೋನ್ ಮಾಡುತ್ತೇನೆ ಅಂತ ಮೇಡಂ ಹೆದರಿಸುತ್ತಾರೆ. ನಿಮ್ಮ ನಂಬರು ಅವರ ಹತ್ತಿರ ಇಲ್ಲ, ಅದು ಅವರಿಗೂ ಗೊತ್ತು.

ಯಾರ ಹತ್ತಿರವಾದರೂ ಹಳೇ ಕೂಲರ್ ಇದ್ದರೆ ಹೇಳಿ. ಮಧ್ಯಾಹ್ನ ಆರ್‌ಸಿಸಿನೂ ಕಾಯುತ್ತದೆ.

ಮಿರ್ಚಿ_ಒಗ್ಗರಣೆ · ಏಪ್ರಿಲ್ 8, ಬೆಳಿಗ್ಗೆ 7:22

ನಮ್ಮ ಮನೆಯಲ್ಲಿದೆ. ಪಂಪ್ ಕೆಟ್ಟಿದೆ. ರಾಯಲ್ ಸರ್ಕಲ್ ಕಡೆ ಹೋಗಿ ಪಂಪ್ ತಂದು ಹಾಕಿಸಿ ಸಂಜೆ ತರುತ್ತೇನೆ. ಚಟ್ನಿ ಖಾರ ಇರಲಾ?

ಕತ್ತರಿ_ಕೈ · ಏಪ್ರಿಲ್ 8, ಬೆಳಿಗ್ಗೆ 7:23

ಇರಲಿ. ಬಂದಾಗ ಬಾಗಿಲು ಬಡಿ, ಒಳಗಿನಿಂದ ಹಾಕಿಕೊಂಡಿರುತ್ತೇನೆ.